ಮೇಲಿಂದ ಕಂಡ ನೆಲ: ಗಾಳಿಪಟದಿಂದ ಡ್ರೋನ್‌ವರೆಗೆ

ಹೋದ ಬೇಸಿಗೆಯಲ್ಲಿ ನಮ್ಮ ಬಳಗದ ಪಿಕ್ನಿಕ್ ಮುಗಿಸಿ ಪಾತ್ರೆಗಳನ್ನ ಕಾರಿಗೆ ತುಂಬ್ತಾ ಇದ್ದಾಗ ಮೂರು ಜನ ಬೇರೆ ಬೇರೆಯಾಗಿ ಬಂದು ನನ್ನನ್ನ ಒಂದೇ ಪ್ರಶ್ನೆ ಕೇಳಿದರು. "ಡ್ರೋನ್ ತಗೋಬೇಕು ಅಂತಿದ್ದೀನಿ, ಯಾವುದು ತಗೊಳ್ಳಲಿ?" ಒಬ್ಬರಿಗೆ ಮಗಳ ನಾಮಕರಣದ ವಿಡಿಯೋ ಬೇಕಿತ್ತು. ಇನ್ನೊಬ್ಬರಿಗೆ ಮೌಂಟ್ ರೇನಿಯರ್ ಬೆಟ್ಟವನ್ನ ಮೇಲಿಂದ ತೆಗೆಯೋ ಆಸೆ. ಮೂರನೆಯವನು ನನ್ನ ಹಾಗೇ ಕೈಕೆಲಸದವನು. ಮನೆ ಮಾರಿಸೋ ಏಜೆಂಟರಿಗೆ ಫೋಟೋ ತೆಗೆದುಕೊಟ್ಟರೆ ಶನಿವಾರ, ಭಾನುವಾರ ನಾಲ್ಕು ಕಾಸು ಸಿಗಬಹುದಾ ಅನ್ನೋದು ಅವನ ಲೆಕ್ಕ.

ಮೂವರಿಗೂ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಯಾವ ಕಂಪನಿ, ಎಷ್ಟು ಬೆಲೆ ಅನ್ನೋದು ಕೊನೆಯ ಮಾತು. ಅದಕ್ಕೂ ಮುಂಚೆ ತಿಳ್ಕೋಬೇಕಾದ ಕಥೆ ಉದ್ದ ಇದೆ, ಪಾರ್ಕಿಂಗ್ ಜಾಗದಲ್ಲಿ ನಿಂತು ಹೇಳೋವಷ್ಟು ಚಿಕ್ಕದಲ್ಲ. ಅದಕ್ಕೆ ಇಲ್ಲಿ ಬರೀತಾ ಇದ್ದೀನಿ.

ನಾನು ಇತಿಹಾಸ ಓದಿದವನಲ್ಲ. ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿದವನು. ಹೆಂಡತಿ ನರ್ಸ್, ಅವಳ ಕೆಲಸದ ಮೇಲೆ ನಮ್ಮ ಮನೆಯವರಿಗೆಲ್ಲ ಗ್ರೀನ್ ಕಾರ್ಡ್ ಬಂತು. ಊರಲ್ಲಿ ಹನ್ನೊಂದು ವರ್ಷ ವೈರಿಂಗ್ ಮಾಡಿದ್ದರೂ ವಾಷಿಂಗ್ಟನ್ ರಾಜ್ಯದಲ್ಲಿ ನಾನು ಮತ್ತೆ ಟ್ರೈನಿ. ಆಗ ಇಲ್ಲಿ ಪೂರ್ತಿ ಜರ್ನಿಮನ್ ಲೈಸೆನ್ಸ್ ಬೇಕಂದರೆ 8,000 ಗಂಟೆ ಕೆಲಸ ತೋರಿಸಿ ಪರೀಕ್ಷೆ ಬರೀಬೇಕಿತ್ತು. ಆ ಗಂಟೆಗಳನ್ನ ಎಣಿಸ್ತಾ ಎಣಿಸ್ತಾ ಬೇಜಾರು ಕಳೆಯೋಕೆ 2022ರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಡ್ರೋನ್ ತಗೊಂಡೆ. 249 ಗ್ರಾಂನದು, ಅಂಗೈ ಮೇಲೆ ಕೂರುತ್ತೆ.

ಮೊದಲ ತಪ್ಪು ಮಾಡೋಕೆ ಎರಡು ತಿಂಗಳೂ ಬೇಕಾಗಲಿಲ್ಲ. ನಮ್ಮ ಕಡೆಯ ಹಿರಿಯರೊಬ್ಬರು ರೆಂಟನ್‌ನಲ್ಲಿ ಮನೆ ಮಾರೋಕಿಟ್ಟಿದ್ದರು. "ನಿನ್ನ ಹತ್ರ ಅದು ಇದೆಯಲ್ಲಪ್ಪಾ, ನಾಲ್ಕು ಫೋಟೋ ತೆಗೆದುಕೊಡು" ಅಂದರು. ದುಡ್ಡು ಬೇಡ ಅಂದೆ, ಊಟ ಹಾಕಿದರು. ಹಾರಿಸಿದೆ, ಫೋಟೋ ಚೆನ್ನಾಗೇ ಬಂದವು, ಮಾರಾಟದ ಜಾಹೀರಾತಿಗೂ ಹೋದವು. ಎರಡು ವಾರ ಆದ ಮೇಲೆ ನಾನು ಕೆಲಸ ಮಾಡೋ ಜಾಗದಲ್ಲಿ ಫೋರ್‌ಮನ್‌ಗೆ ಹೆಮ್ಮೆಯಿಂದ ತೋರಿಸಿದೆ. ಅವನೂ ಡ್ರೋನ್ ಹಾರಿಸೋನು. ಫೋಟೋ ನೋಡಿ "ನಿನ್ನ ಹತ್ರ ಲೈಸೆನ್ಸ್ ಇದೆಯಾ?" ಅಂದ. "ಇಲ್ಲ, ಪುಕ್ಕಟೆ ಮಾಡಿಕೊಟ್ಟಿದ್ದು" ಅಂದೆ. "ದುಡ್ಡು ತಗೊಂಡೆಯೋ ಇಲ್ಲವೋ ಅದು ಲೆಕ್ಕಕ್ಕಿಲ್ಲ. ಮನೆ ಮಾರೋಕೆ ಬಳಸಿದ ಫೋಟೋ ಅಂದ ಮೇಲೆ ಅದು ವ್ಯವಹಾರ. ಮೇಲಾಗಿ ಆ ಮನೆ ರೆಂಟನ್ ಏರ್‌ಪೋರ್ಟ್ ಪಕ್ಕದಲ್ಲೇ ಇದೆ, ಅಲ್ಲಿ ಅನುಮತಿ ಇಲ್ಲದೆ ಮೇಲೇಳೋ ಹಾಗಿಲ್ಲ" ಅಂದ.

ಲೈಸೆನ್ಸ್ ಇಲ್ಲದೋರು ಪ್ಯಾನೆಲ್ ಮುಟ್ಟಬಾರದು ಅಂತ ಊರಲ್ಲಿ ಎಷ್ಟೋ ಮನೆಯಲ್ಲಿ ಬೈದು ಬಂದೋನು ನಾನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪೊಲೀಸರು ಬರಲಿಲ್ಲ, ನೋಟೀಸೂ ಬರಲಿಲ್ಲ. ಆದರೆ ಮುಂದೆ ಸಿಟಿಜನ್‌ಶಿಪ್ ಅರ್ಜಿ ಹಾಕಬೇಕಾದವನಿಗೆ ಸಣ್ಣ ದಂಡವೂ ದೊಡ್ಡ ಭಯವೇ. ಹಿರಿಯರಿಗೆ ಫೋನ್ ಮಾಡಿ ಆ ಫೋಟೋಗಳನ್ನ ತೆಗೆಸಿದೆ. ಆಮೇಲೆ ಪರೀಕ್ಷೆಗೆ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಈ ಕಸುಬಿನ ಹಿಂದಿನ ಕಥೆಗೂ ಕೈ ಹಾಕಿದೆ.

ಬಲೂನು, ಗಾಳಿಪಟ, ಕರೆಂಟು

ಮೇಲಿಂದ ಫೋಟೋ ತೆಗೆಯೋ ಆಸೆ ಫೋಟೋಗ್ರಫಿಯಷ್ಟೇ ಹಳೇದು. ಫ್ರಾನ್ಸ್‌ನಲ್ಲಿ ನಾಡಾರ್ ಅನ್ನೋ ಹೆಸರಿನ ಫೋಟೋಗ್ರಾಫರ್ ಇದ್ದ. ಮೇಲಿಂದ ತೆಗೆದ ಚಿತ್ರದಿಂದ ನಕ್ಷೆ ಮಾಡಬಹುದು, ನೆಲ ಅಳೀಬಹುದು ಅಂತ ಅವನು ಪೇಟೆಂಟ್ ತಗೊಂಡ. 1858ರಲ್ಲಿ ಪ್ಯಾರಿಸ್ ಹತ್ತಿರ ಬಲೂನಿನಲ್ಲಿ ಮೇಲೆ ಹೋಗಿ ಚಿತ್ರ ತೆಗೆದ. ಆ ಚಿತ್ರಗಳು ಇವತ್ತು ಉಳಿದಿಲ್ಲ. ಉಳಿದಿರೋದರಲ್ಲಿ ಅತಿ ಹಳೇದು ಅಮೆರಿಕದ್ದು. 1860ರ ಅಕ್ಟೋಬರ್ 13ರಂದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಅನ್ನೋನು ಬಲೂನಿನಿಂದ ಬಾಸ್ಟನ್ ಊರನ್ನ ತೆಗೆದ. ಗಮನಿಸಿ, ವಿಮಾನ ಹುಟ್ಟೋಕೆ ನಲವತ್ತಕ್ಕೂ ಹೆಚ್ಚು ವರ್ಷ ಮುಂಚೆ. ಆಗಲೇ ತಲೆಯಲ್ಲಿ ಇದ್ದದ್ದು ಬರೀ ಅಂದದ ಚಿತ್ರ ಅಲ್ಲ, ನೆಲ ಅಳೆಯೋದು.

ನನಗೆ ತುಂಬಾ ಹಿಡಿಸಿದ ಮನುಷ್ಯ ಶಿಕಾಗೋದ ಜಾರ್ಜ್ ಲಾರೆನ್ಸ್. ಅವನು ಮೊದಲು ಬಲೂನಿಗೆ ಪಂಜರ ಕಟ್ಟಿಕೊಂಡು ಹೋಗ್ತಿದ್ದ. ಒಂದು ಸಲ 200 ಅಡಿಗೂ ಮೇಲೆ ಆ ಪಂಜರ ಕಿತ್ತುಕೊಂಡು ಬಿತ್ತು. ಕೆಳಗೆ ಹಾದುಹೋಗಿದ್ದ ಟೆಲಿಫೋನ್ ತಂತಿಗಳು ತಡೆದು ಅವನ ಜೀವ ಉಳೀತು. ನಮ್ಮ ಕಸುಬಿನವರು ಎಳೆದ ತಂತಿ ಒಬ್ಬನನ್ನ ಕಾಪಾಡಿದ ಕಥೆ ಇದು, ಅದಕ್ಕೇ ನೆನಪಲ್ಲಿ ಉಳೀತು. ಆಮೇಲೆ ಅವನು ಮನುಷ್ಯ ಮೇಲೆ ಹೋಗೋದೇ ಬೇಡ, ಕ್ಯಾಮೆರಾ ಮಾತ್ರ ಹೋಗಲಿ ಅಂತ ಗಾಳಿಪಟಕ್ಕೆ ಬಂದ.

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಆಯ್ತು, ಬೆಂಕಿಯಲ್ಲಿ ಊರು ಸುಟ್ಟುಹೋಯ್ತು. ಸುಮಾರು ಆರು ವಾರ ಆದ ಮೇಲೆ ಲಾರೆನ್ಸ್ ಅಲ್ಲಿಗೆ ಹೋಗಿ, ಸಮುದ್ರದ ಮೇಲೆ ಒಂದೇ ಸಾಲಿನಲ್ಲಿ 17 ಗಾಳಿಪಟ ಹಾರಿಸಿ, 49 ಪೌಂಡ್ ತೂಕದ ಕ್ಯಾಮೆರಾವನ್ನ 2,000 ಅಡಿ ಎತ್ತರಕ್ಕೆ ಏರಿಸಿದ. ನಮ್ಮ ಲೆಕ್ಕದಲ್ಲಿ 22 ಕಿಲೋ, ಹತ್ತಿರ ಹತ್ತಿರ ಅರ್ಧ ಮೂಟೆ ಅಕ್ಕಿ. ಅಷ್ಟು ಮೇಲಿರೋ ಕ್ಯಾಮೆರಾದ ಶಟರ್ ಒತ್ತೋದು ಹೇಗೆ? ಗಾಳಿಪಟದ ಉಕ್ಕಿನ ಹಗ್ಗದ ಒಳಗೇ ಇನ್ಸುಲೇಟ್ ಮಾಡಿದ ತಂತಿ ಇಟ್ಟು, ಕೆಳಗಿಂದ ಕರೆಂಟು ಕಳಿಸಿದ. ಶಟರ್ ಬಿದ್ದ ಕೂಡಲೇ ಒಂದು ಪುಟ್ಟ ಪ್ಯಾರಾಶೂಟ್ ಬಿಡುಗಡೆ ಆಗೋದು. ಅದು ಕಂಡರೆ ಚಿತ್ರ ಬಂತು ಅಂತ ಅರ್ಥ. ಇವತ್ತಿನ ರಿಮೋಟ್‌ನಲ್ಲಿ "ಫೋಟೋ ಸೇವ್ ಆಯ್ತು" ಅಂತ ಬರುತ್ತಲ್ಲ, ಅದರ ಮುತ್ತಜ್ಜ ಆ ಪ್ಯಾರಾಶೂಟು.

ಆ ಚಿತ್ರದ ಒಂದೊಂದು ಪ್ರಿಂಟನ್ನ ಅವನು 125 ಡಾಲರಿಗೆ ಮಾರಿದ, ಒಟ್ಟು 15,000 ಡಾಲರಿಗೂ ಮೇಲೆ ಬಂತು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಚಿತ್ರದಲ್ಲಿ ಬೀದಿಗಳ ಗೆರೆ ಕಾಣುತ್ತೆ, ಸುಟ್ಟ ಗೋಡೆ ಕಾಣುತ್ತೆ, ಯಾವ ಸೈಟು ಎಲ್ಲಿತ್ತು ಅಂತ ಗುರುತಿಸಬಹುದು. ಅಲ್ಲಿ ಬದುಕಿದ್ದ ಜನ ಮಾತ್ರ ಕಾಣಲ್ಲ.

ನಾವು ಬಾಡಿಗೆ ಕಟ್ಟೋ ನೆಲ

ಈಗ ನಮ್ಮ ಸಿಯಾಟಲ್ ಕಡೆಗೆ ಬರೋಣ. ಕಿಂಗ್ ಕೌಂಟಿಯವರ ಹತ್ರ 1936ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳಿವೆ. ಅವರ ಐಮ್ಯಾಪ್ ಅನ್ನೋ ನಕ್ಷೆಯಲ್ಲಿ ಪುಕ್ಕಟೆ ನೋಡಬಹುದು. ನಿಮ್ಮ ವಿಳಾಸ ಹಾಕಿ, 1936ರ ಚಿತ್ರ ಆರಿಸಿಕೊಳ್ಳಿ. ನೀವು ಬಾಡಿಗೆಗೆ ಇರೋ ಅಪಾರ್ಟ್‌ಮೆಂಟ್ ಜಾಗದಲ್ಲಿ ಕಾಡೋ ತೋಟವೋ ಕಾಣಬಹುದು. ಸರೋವರದ ಮೇಲೆ ತೇಲು ಸೇತುವೆ ಕಾಣಲ್ಲ. ಅದು ತೆರೆದದ್ದು 1940ರ ಜುಲೈನಲ್ಲಿ.

ಅದೇ ಕಾಲಕ್ಕೆ ಇನ್ನೊಂದು ಕೆಲಸವೂ ನಡೀತು. ಆರ್ಥಿಕ ಕುಸಿತದ ದಿನಗಳು, ಕೆಲಸ ಇಲ್ಲದ ಲಕ್ಷಾಂತರ ಜನಕ್ಕೆ ಸರ್ಕಾರವೇ ಡಬ್ಲ್ಯುಪಿಎ ಅನ್ನೋ ಯೋಜನೆಯಲ್ಲಿ ಕೂಲಿ ಕೊಡ್ತಿತ್ತು. ಆ ಯೋಜನೆಯ ಕೆಲಸಗಾರರು ಕಿಂಗ್ ಕೌಂಟಿಯ ಮನೆ, ಅಂಗಡಿ, ಕಟ್ಟಡಗಳನ್ನ ಒಂದೊಂದಾಗಿ ಸುತ್ತಿ ಫೋಟೋ ತೆಗೆದರು, ತೆರಿಗೆ ಲೆಕ್ಕಕ್ಕೆ. ಆ ಫೋಟೋಗಳು ಬೆಲ್‌ವ್ಯೂನಲ್ಲಿರೋ ರಾಜ್ಯ ದಾಖಲೆ ಕಚೇರಿಯಲ್ಲಿವೆ. ಹಳೇ ಮನೆ ರಿಪೇರಿ ಮಾಡೋರು ಇವತ್ತೂ ಅಲ್ಲಿಂದ ಪ್ರತಿ ತರಿಸ್ಕೋತಾರೆ. ಮನೆಯ ಫೋಟೋ ತೆಗೆದು ಹೊಟ್ಟೆ ಹೊರೆಯೋದು ಈ ಊರಿಗೆ ಹೊಸದೇನಲ್ಲ ಅನ್ನೋಕೆ ಇದನ್ನ ಹೇಳಿದೆ.

1936ರ ಚಿತ್ರದಲ್ಲಿ ಬೆಲ್‌ವ್ಯೂ ಕಡೆ ನೋಡಿ. ಇವತ್ತು ಗಾಜಿನ ಕಟ್ಟಡಗಳು ನಿಂತಿರೋ ಕಡೆ ಆಗ ಹೊಲ, ತೋಟ, ಅಲ್ಲೊಂದು ಇಲ್ಲೊಂದು ಮನೆ. ಆ ಸೀಮೆ ಸ್ಟ್ರಾಬೆರಿಗೆ ಹೆಸರುವಾಸಿ. 1925ರಿಂದ ವರ್ಷಾ ವರ್ಷ ಸ್ಟ್ರಾಬೆರಿ ಜಾತ್ರೆ ನಡೀತಿತ್ತು. ಮರ ಕಡಿದುಹೋದ ಮೇಲೆ ಉಳಿದ ಬೊಡ್ಡೆಗಳನ್ನ ಕಿತ್ತು, ಆ ನೆಲವನ್ನ ಹದ ಮಾಡಿದವರಲ್ಲಿ ಬಹಳ ಜನ ಜಪಾನಿನಿಂದ ಬಂದ ವಲಸೆಗಾರರು. ಆದರೆ 1921ರಲ್ಲಿ ಈ ರಾಜ್ಯ ಒಂದು ಕಾನೂನು ಮಾಡಿ, ಸಿಟಿಜನ್ ಆಗೋಕೆ ಅರ್ಹತೆ ಇಲ್ಲದ ವಿದೇಶಿಗಳು ನೆಲ ಕೊಳ್ಳೋ ಹಾಗಿಲ್ಲ, ಗುತ್ತಿಗೆಗೂ ಹಿಡಿಯೋ ಹಾಗಿಲ್ಲ ಅಂತು. 1942ರ ಮೇ ತಿಂಗಳಲ್ಲಿ, ಯುದ್ಧದ ಹೆಸರಿನಲ್ಲಿ, ಆ ಕುಟುಂಬಗಳನ್ನೆಲ್ಲ ರೈಲು ಹತ್ತಿಸಿ ಕ್ಯಾಂಪುಗಳಿಗೆ ಕಳಿಸಿದರು. ಇಲ್ಲೇ ಹುಟ್ಟಿ ಸಿಟಿಜನ್ ಆಗಿದ್ದ ಮಕ್ಕಳನ್ನೂ ಬಿಡಲಿಲ್ಲ. ಸ್ಟ್ರಾಬೆರಿ ಜಾತ್ರೆಯೂ ಅಲ್ಲಿಗೆ ನಿಂತುಹೋಯ್ತು. ತುಂಬಾ ಜನ ವಾಪಸ್ ಬರಲೇ ಇಲ್ಲ.

ಇದು ಜಪಾನಿನವರ ಕಥೆ, ನಮಗೇನು ಅನ್ನಬೇಡಿ. ಭಗತ್ ಸಿಂಗ್ ಥಿಂಡ್ ಅನ್ನೋ ಪಂಜಾಬಿ ಅಮೆರಿಕದ ಸೈನ್ಯದಲ್ಲಿ ಇದ್ದವನು. 1918ರಲ್ಲಿ ಇದೇ ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿ, ಯೂನಿಫಾರ್ಮ್‌ನಲ್ಲಿ ಇದ್ದಾಗಲೇ ಅವನಿಗೆ ಸಿಟಿಜನ್‌ಶಿಪ್ ಸಿಕ್ತು, ನಾಲ್ಕೇ ದಿನದಲ್ಲಿ ಅದನ್ನ ರದ್ದು ಮಾಡಿದರು. ಮತ್ತೆ ಆರಿಗಾನ್‌ನಲ್ಲಿ ಪಡೆದ. 1923ರಲ್ಲಿ ಸುಪ್ರೀಂ ಕೋರ್ಟು ಇಂಡಿಯಾದವರು ಸಿಟಿಜನ್ ಆಗೋಕೆ ಅರ್ಹರಲ್ಲ ಅಂದುಬಿಡ್ತು. ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ವಾಷಿಂಗ್ಟನ್‌ನ ನೆಲದ ಕಾನೂನು ತೆಗೆದುಹಾಕಿದ್ದು 1966ರಲ್ಲಿ. ಅಂದರೆ 1936ರ ಆ ಚಿತ್ರ ತೆಗೆಯೋ ಹೊತ್ತಿಗೆ ನಮ್ಮಂಥ ಒಬ್ಬ ಇಲ್ಲಿ ಇದ್ದಿದ್ದರೆ, ಅವನಿಗೂ ಕಾನೂನಿನ ಪ್ರಕಾರ ಒಂದು ಗುಂಟೆ ನೆಲ ಕೊಳ್ಳೋಕೆ ಆಗ್ತಿರಲಿಲ್ಲ. ಇವತ್ತು ನಮ್ಮವರು ಅದೇ ಬೆಲ್‌ವ್ಯೂನಲ್ಲಿ ಮನೆ ಕೊಳ್ತಾರೆ, ಮಾರ್ತಾರೆ, ಅದಕ್ಕೆ ಡ್ರೋನ್ ಫೋಟೋ ಹಾಕಿಸ್ತಾರೆ.

ಯಾರು ಮೇಲಿಂದ ನೋಡಬಹುದು?

ಪೈಲಟ್ ಇಲ್ಲದ ವಿಮಾನದ ಇತಿಹಾಸದಲ್ಲೂ ನಮ್ಮ ರಾಜ್ಯಕ್ಕೆ ಜಾಗ ಇದೆ. ಕೊಲಂಬಿಯಾ ನದಿ ದಡದಲ್ಲಿ ಬಿಂಗನ್ ಅನ್ನೋ ಪುಟ್ಟ ಊರು, ಅಲ್ಲಿ ಇನ್‌ಸಿಟು ಅನ್ನೋ ಕಂಪನಿ. ಅವರ 'ಲೈಮಾ' ಅನ್ನೋ ಸಣ್ಣ ವಿಮಾನ 1998ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಸ್ಕಾಟ್ಲೆಂಡಿನ ದ್ವೀಪದವರೆಗೆ, 3,200 ಕಿ.ಮೀ.ಗೂ ಹೆಚ್ಚು ದೂರ, ಒಳಗೆ ಯಾರೂ ಇಲ್ಲದೆ 26 ಗಂಟೆ 45 ನಿಮಿಷ ಹಾರಿ ಅಟ್ಲಾಂಟಿಕ್ ದಾಟಿತು. ಪೈಲಟ್ ಇಲ್ಲದ ವಿಮಾನ ಆ ಸಮುದ್ರ ದಾಟಿದ್ದು ಅದೇ ಮೊದಲು. ಬೋಯಿಂಗ್ ಫೀಲ್ಡ್ ಪಕ್ಕದ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿ ಅದನ್ನ ಇಟ್ಟಿದ್ದಾರೆ. ಮಕ್ಕಳನ್ನ ಕರ್ಕೊಂಡು ಹೋದಾಗ ದೊಡ್ಡ ವಿಮಾನಗಳ ನಡುವೆ ಅದನ್ನೂ ಹುಡುಕಿ ತೋರಿಸಿ.

ಆದರೆ ಮೇಲಿನ ಕಣ್ಣು ಊರೊಳಗೆ ಬಂದಾಗ ಜನ ಸುಮ್ಮನಿರಲಿಲ್ಲ. ಸಿಯಾಟಲ್ ಪೊಲೀಸರು ಕೇಂದ್ರದ ಅನುದಾನದಲ್ಲಿ ಎರಡು ಡ್ರೋನ್ ತಗೊಂಡಿದ್ದರು. ಜನ ಗಲಾಟೆ ಮಾಡಿದರು, 2013ರ ಫೆಬ್ರವರಿಯಲ್ಲಿ ಆಗಿನ ಮೇಯರ್ ಮೈಕ್ ಮೆಕ್‌ಗಿನ್ ಆ ಕಾರ್ಯಕ್ರಮವನ್ನೇ ನಿಲ್ಲಿಸಿದರು. 2014ರ ಜೂನ್‌ನಲ್ಲಿ ಡೌನ್‌ಟೌನ್‌ನ ಎತ್ತರದ ಅಪಾರ್ಟ್‌ಮೆಂಟಿನಲ್ಲಿದ್ದ ಒಬ್ಬ ಹೆಂಗಸು ಕಿಟಕಿಯಾಚೆ ಡ್ರೋನ್ ನೋಡಿ ಹೆದರಿ ಪೊಲೀಸರನ್ನ ಕರೆದರು. ಆಮೇಲೆ ಗೊತ್ತಾಯ್ತು, ಅಲ್ಲಿ ಕಟ್ಟಬೇಕಿದ್ದ 20 ಮಹಡಿ ಕಟ್ಟಡದಿಂದ ಹೊರಗೆ ಏನು ಕಾಣುತ್ತೆ ಅಂತ ತೋರಿಸೋಕೆ ಚಿತ್ರ ತೆಗೀತಿದ್ದರಂತೆ. ಅಂದರೆ ರಿಯಲ್ ಎಸ್ಟೇಟ್ ಕೆಲಸವೇ. ತೆಗೆಯೋನಿಗೆ ಅದು ಬರೀ ನೋಟ, ಒಳಗಿದ್ದೋರಿಗೆ ಅದು ತಮ್ಮ ಮನೆ.

2015ರ ಜೂನ್‌ನಲ್ಲಿ ಪ್ರೈಡ್ ಮೆರವಣಿಗೆ ನಡೀತಿದ್ದಾಗ ಒಂದು ಡ್ರೋನ್ ಕಟ್ಟಡಕ್ಕೆ ಬಡಿದು ಕೆಳಗಿದ್ದ ಹೆಂಗಸಿನ ತಲೆ ಮೇಲೆ ಬಿತ್ತು, ಅವರು ಪ್ರಜ್ಞೆ ತಪ್ಪಿದರು. ಹಾರಿಸಿದವನಿಗೆ 30 ದಿನ ಜೈಲು ಶಿಕ್ಷೆ ಆಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಸಮುದ್ರದ ದಡದ ದೊಡ್ಡ ಜಯಂಟ್ ವೀಲ್‌ಗೆ ಇನ್ನೊಂದು ಡ್ರೋನ್ ಬಡೀತು. 2016ರ ಕೊನೆಯ ದಿನ, ಹೊಸ ವರ್ಷದ ಪಟಾಕಿ ಜೋಡಿಸ್ತಿದ್ದ ಸ್ಪೇಸ್ ನೀಡಲ್ ಮೇಲೆ ಮತ್ತೊಂದು. ಹಾರಿಸೋರಲ್ಲಿ ಕೆಲವರ ಅಜಾಗರೂಕತೆಗೆ ಎಲ್ಲರ ಮೇಲೂ ಕಣ್ಣು ಬಿತ್ತು.

ಮನೆ ಮಾರಾಟಕ್ಕೆ ಅನುಮತಿ ಬಂದ ಬಗೆ

2013ರ ಜನವರಿಯಲ್ಲಿ ಡಿಜೆಐ ಕಂಪನಿಯ ಫ್ಯಾಂಟಮ್ ಬಂತು. ಅದಕ್ಕೂ ಮುಂಚೆ ಇಂಥದ್ದು ಬೇಕಂದರೆ ಮೋಟಾರು, ಬೋರ್ಡು ಎಲ್ಲ ತಂದು ಸಾಲ್ಡರ್ ಮಾಡಿ ಕಟ್ಟಬೇಕಿತ್ತು. ಈಗ ಡಬ್ಬಿ ಬಿಚ್ಚಿದರೆ ಹಾರುತ್ತೆ. ಏಜೆಂಟರು ಕೂಡಲೇ ಬಳಸೋಕೆ ಶುರು ಮಾಡಿದರು. ಆದರೆ ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ, ವ್ಯವಹಾರಕ್ಕೆ ಹಾರಿಸೋ ಹಾಗಿಲ್ಲ ಅಂತ ಕೂತಿತ್ತು. 2012ರ ಕಾನೂನಿನ ಒಂದು ಸೆಕ್ಷನ್ ಹಿಡಿದು, ಒಬ್ಬೊಬ್ಬರೇ ಅರ್ಜಿ ಹಾಕಿ ವಿನಾಯಿತಿ ಪಡೀಬೇಕಾಗಿತ್ತು. ರಿಯಲ್ ಎಸ್ಟೇಟ್‌ಗೆ ಅಂತ ಮೊದಲ ವಿನಾಯಿತಿ 2015ರ ಜನವರಿ 6ರಂದು ಅರಿಜೋನಾದ ಟುಸಾನ್ ಊರಿನ ಒಬ್ಬ ಏಜೆಂಟರಿಗೆ ಸಿಕ್ತು. ಷರತ್ತು ಏನು ಗೊತ್ತಾ? ಹಾರಿಸೋನ ಹತ್ರ ನಿಜವಾದ ವಿಮಾನ ಓಡಿಸೋ ಲೈಸೆನ್ಸ್ ಇರಬೇಕು, ಪಕ್ಕದಲ್ಲಿ ಇನ್ನೊಬ್ಬ ನೋಡ್ತಾ ನಿಂತಿರಬೇಕು. ಅಂಥ ಲೈಸೆನ್ಸ್‌ಗೆ ಸಾವಿರಾರು ಡಾಲರು ಬೇಕು. ನಮ್ಮಂಥೋರಿಗೆ ಅದು ಆಗದ ಮಾತು.

2016ರ ಆಗಸ್ಟ್ 29ರಂದು ಪಾರ್ಟ್ 107 ಅನ್ನೋ ನಿಯಮ ಜಾರಿಗೆ ಬಂದ ಮೇಲೆ ಬಾಗಿಲು ತೆರೀತು. 16 ವರ್ಷ ತುಂಬಿರಬೇಕು, ಇಂಗ್ಲಿಷ್ ಓದಿ, ಬರೆದು, ಮಾತಾಡೋಕೆ ಬರಬೇಕು, ಒಂದು ಪರೀಕ್ಷೆ ಪಾಸ್ ಮಾಡಬೇಕು. ಸಿಟಿಜನ್ ಆಗಿರಬೇಕು ಅಂತ ಇಲ್ಲ. ಡಿಗ್ರಿ ಕೇಳಲ್ಲ. ಐಟಿಐ ಆದರೂ ಸರಿ, ಹತ್ತನೇ ಕ್ಲಾಸ್ ಆದರೂ ಸರಿ. 1921ರ ನೆಲದ ಕಾನೂನು ಓದಿ ಇದನ್ನ ಓದಿದಾಗ ನನಗೆ ಇದು ಸಣ್ಣ ವಿಷಯ ಅನಿಸಲಿಲ್ಲ.

ಶುರು ಮಾಡೋರಿಗೆ

ಈಗ ಕೆಲಸದ ಮಾತು. ನನ್ನ ತಪ್ಪಿನಿಂದ ಕಲಿತದ್ದನ್ನೇ ಮೊದಲು ಹೇಳ್ತೀನಿ.

ಬರೀ ಖುಷಿಗೆ ಹಾರಿಸೋದಾದರೆ 250 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ನೋಂದಣಿ ಬೇಡ. ಟ್ರಸ್ಟ್ ಅನ್ನೋ ಪುಕ್ಕಟೆ ಪರೀಕ್ಷೆ ಆನ್‌ಲೈನ್‌ನಲ್ಲಿ ಮುಗಿಸಿ ಆ ಸರ್ಟಿಫಿಕೇಟ್ ಇಟ್ಟುಕೊಂಡರೆ ಸಾಕು. ಆದರೆ ಮನೆ ಮಾರಾಟ, ಅಂಗಡಿ ಜಾಹೀರಾತು, ಗೆಳೆಯನ ಹೋಟೆಲಿನ ವಿಡಿಯೋ, ಯಾವುದೇ ವ್ಯವಹಾರಕ್ಕೆ ಅಂದ ಕೂಡಲೇ ಪಾರ್ಟ್ 107 ಬೇಕು, ಪುಕ್ಕಟೆ ಮಾಡಿಕೊಟ್ಟರೂ ಬೇಕು. ಆಗ 249 ಗ್ರಾಂನದಕ್ಕೂ ನೋಂದಣಿ ಮಾಡಿಸಬೇಕು (5 ಡಾಲರ್, ಮೂರು ವರ್ಷಕ್ಕೆ), ರಿಮೋಟ್ ಐಡಿಯೂ ಇರಬೇಕು. ತೂಕ ನೋಡಿ ಮೋಸ ಹೋಗಬೇಡಿ.

ಪರೀಕ್ಷೆಯಲ್ಲಿ 60 ಪ್ರಶ್ನೆ, ಎರಡು ಗಂಟೆ, 70 ಪರ್ಸೆಂಟ್ ಬಂದರೆ ಪಾಸ್. ಫೀಸು 175 ಡಾಲರ್. ಓದೋ ಪುಸ್ತಕ ಎಫ್‌ಎಎಯವರೇ ಪುಕ್ಕಟೆ ಕೊಡ್ತಾರೆ. ಕಷ್ಟ ಆಗೋದು ವಿಮಾನಯಾನದ ನಕ್ಷೆ ಓದೋದು. ನನಗೆ ವೈರಿಂಗ್ ಡ್ರಾಯಿಂಗ್ ಓದೋ ಅಭ್ಯಾಸ ಇದ್ದದ್ದರಿಂದ ಬೇಗ ಹತ್ತಿತು. ಗೆರೆ, ಸಂಕೇತ, ಅಂಕಿ, ಎಲ್ಲ ಒಂದೇ ಜಾತಿ. ಪಾಸ್ ಆದ ಮೇಲೆ ಪ್ರತಿ 24 ತಿಂಗಳಿಗೆ ಒಂದು ಸಲ ಆನ್‌ಲೈನ್‌ನಲ್ಲಿ ಪುಕ್ಕಟೆ ಪುನರಭ್ಯಾಸ ಇದೆ.

ಹಾರಿಸುವಾಗ 400 ಅಡಿ ಮೇಲೆ ಹೋಗಬಾರದು, ಡ್ರೋನ್ ಕಣ್ಣಿಗೆ ಕಾಣ್ತಾ ಇರಬೇಕು. ನಮ್ಮ ಸೀಮೆಯಲ್ಲಿ ಆಕಾಶ ತುಂಬಾ ಬಿಗಿ. ಸೀಟ್ಯಾಕ್, ಬೋಯಿಂಗ್ ಫೀಲ್ಡ್, ರೆಂಟನ್, ಎವರೆಟ್‌ನ ಪೇನ್ ಫೀಲ್ಡ್, ಎಲ್ಲದರ ಸುತ್ತ ಅನುಮತಿ ಬೇಕು. ಲ್ಯಾನ್ಸ್ ಅನ್ನೋ ವ್ಯವಸ್ಥೆಯಲ್ಲಿ ಫೋನಿನಿಂದಲೇ ಕೇಳಬಹುದು, ಬಹಳಷ್ಟು ಸಲ ತಕ್ಷಣ ಸಿಗುತ್ತೆ. ಲೇಕ್ ಯೂನಿಯನ್, ಕೆನ್‌ಮೋರ್ ಕಡೆ ನೀರಿನ ಮೇಲೆ ಇಳಿಯೋ ವಿಮಾನಗಳು ಕೆಳಗೇ ಬರ್ತವೆ, ಅಲ್ಲಿ ಎರಡು ಪಟ್ಟು ಎಚ್ಚರ. ಮೌಂಟ್ ರೇನಿಯರ್ ಕೇಳಿದ್ದವರಿಗೆ ಉತ್ತರ: ಆಗಲ್ಲ. 2014ರಿಂದ ನ್ಯಾಷನಲ್ ಪಾರ್ಕ್‌ಗಳಲ್ಲಿ ಹಾರಿಸೋ ಹಾಗಿಲ್ಲ, ಒಲಿಂಪಿಕ್ ಕೂಡ ಅದೇ.

ಮನೆ ಫೋಟೋಗೆ 400 ಅಡಿ ಏರಲೇಬೇಡಿ. 40ರಿಂದ 100 ಅಡಿಯಲ್ಲಿ ಮನೆ ಮನೆಯ ಹಾಗೆ ಕಾಣುತ್ತೆ. ಅದಕ್ಕಿಂತ ಮೇಲೆ ಹೋದರೆ ಬರೀ ಸೂರು, ಸೂರಿನ ಮೇಲಿನ ಪಾಚಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿದ್ದಾಗ ತೆಗೀರಿ. ತೆಳು ಮೋಡ ಇದ್ದರೂ ಒಳ್ಳೇದೇ, ನೆರಳು ಕಪ್ಪಾಗಲ್ಲ. ಮಳೆಯಲ್ಲಿ ಬೇಡ. ಅಕ್ಕಪಕ್ಕದ ಮನೆಯವರಿಗೆ ಹಿಂದಿನ ದಿನವೇ ಬಾಗಿಲು ತಟ್ಟಿ ಹೇಳಿ ಬನ್ನಿ, ಅವರ ಹಿತ್ತಲಿನ ಕಡೆ ಕ್ಯಾಮೆರಾ ತಿರುಗಿಸಬೇಡಿ. ಇನ್ಶೂರೆನ್ಸ್ ಇಲ್ಲದೆ ಬೇರೆಯವರ ಮನೆ ಮೇಲೆ ಹೋಗಬೇಡಿ.

ನನ್ನ ಕಸುಬಿನ ಮಾತು ಒಂದು. ಕಂಬದಿಂದ ಮನೆಗೆ ಬರೋ ಸರ್ವೀಸ್ ವೈರು ಕ್ಯಾಮೆರಾದಲ್ಲಿ ಕಾಣೋದೇ ಇಲ್ಲ ಅನ್ನಬಹುದು, ಡ್ರೋನಿನ ಸೆನ್ಸರಿಗೂ ತೆಳು ತಂತಿ ಸಿಗಲ್ಲ. ಮೇಲೇಳೋ ಮುಂಚೆ ಮನೆ ಸುತ್ತ ನಡೆದು ಎಲ್ಲ ತಂತಿ ನೋಡ್ಕೊಳ್ಳಿ. ಡ್ರೋನ್ ತಂತಿಗೆ ಸಿಕ್ಕಿಕೊಂಡರೆ ಕೋಲು, ಏಣಿ ತರಬೇಡಿ. ಕರೆಂಟು ಕಂಪನಿಗೆ ಫೋನ್ ಮಾಡಿ ದೂರ ನಿಲ್ಲಿ. ಡ್ರೋನ್ ಮತ್ತೆ ತಗೋಬಹುದು.

ಚಿತ್ರದ ಮೇಲೆ ಕೆಂಪು ಗೆರೆ ಹಾಕಿ "ಇದು ಸೈಟಿನ ಗಡಿ" ಅಂತ ಅಳತೆ ಸಮೇತ ಕೊಡಬೇಡಿ. ನಾರ್ತ್ ಕ್ಯಾರೊಲಿನಾದಲ್ಲಿ ಹಾಗೆ ನಕ್ಷೆ ಮಾಡಿಕೊಡೋಕೆ ಹೊರಟ ಡ್ರೋನ್ ಫೋಟೋಗ್ರಾಫರನ್ನ ಅಲ್ಲಿನ ಸರ್ವೇಯರ್ ಮಂಡಳಿ ತಡೀತು. ಅವನು ಕೋರ್ಟಿಗೆ ಹೋದ. 2024ರಲ್ಲಿ ಮೇಲಿನ ಕೋರ್ಟೂ ಮಂಡಳಿಯ ಕಡೆಗೇ ಹೇಳಿತು. ಫೋಟೋ ತೆಗೆಯೋದು ಬೇರೆ, ನೆಲದ ಗಡಿ ಹೇಳೋದು ಬೇರೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಹಾರಿಸೋ ಲೈಸೆನ್ಸ್ ಬೇರೆ, ದುಡಿಯೋ ಪರ್ಮಿಟ್ ಬೇರೆ. ಎಚ್-1ಬಿಯಲ್ಲಿ ಇರೋರು ಪಾರ್ಟ್ 107 ಪಾಸ್ ಮಾಡಬಹುದು, ಆದರೆ ತಮ್ಮ ಕಂಪನಿ ಬಿಟ್ಟು ಪಕ್ಕದಲ್ಲಿ ಫೋಟೋ ತೆಗೆದು ಸಂಪಾದಿಸೋ ಹಾಗಿಲ್ಲ. ಕೆಲಸದ ಅನುಮತಿ ಇಲ್ಲದ ಎಚ್-4ನವರೂ ಅಷ್ಟೇ, ಓದೋಕೆ ಬಂದ ಹುಡುಗರೂ ಅಷ್ಟೇ. "ಕ್ಯಾಶ್ ಕೊಡ್ತಾರೆ, ಯಾರಿಗೆ ಗೊತ್ತಾಗುತ್ತೆ" ಅನ್ನೋರ ಮಾತು ಕೇಳಬೇಡಿ. ಅನುಮಾನ ಇದ್ದರೆ ಇಮಿಗ್ರೇಷನ್ ವಕೀಲರನ್ನ ಕೇಳಿ, ನನ್ನನ್ನಲ್ಲ. ನೂರೈವತ್ತು ಡಾಲರಿಗೋಸ್ಕರ ಹತ್ತು ವರ್ಷದ ದುಡಿಮೆ ಪಣಕ್ಕಿಡಬೇಡಿ.

ಊರಿನ ಸುಣ್ಣದ ಗೆರೆ

ಕೊನೆಯದಾಗಿ ನಮ್ಮೂರಿನ ಕಥೆ. ಹೊಲಕ್ಕೆ ಪಹಣಿ ಇರುತ್ತೆ. ಆದರೆ ಊರೊಳಗಿನ ಮನೆ ಜಾಗಕ್ಕೆ, ಗ್ರಾಮಠಾಣಾ ಅಂತೀವಲ್ಲ, ಅದಕ್ಕೆ ಎಷ್ಟೋ ಕಡೆ ಸರಿಯಾದ ಅಳತೆಯ ದಾಖಲೆಯೇ ಇಲ್ಲ. ಅದಕ್ಕೆ ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಶುರು ಮಾಡ್ತು. ಸರ್ವೆ ಆಫ್ ಇಂಡಿಯಾದವರು ಡ್ರೋನ್ ಹಾರಿಸಿ ಊರಿನ ಮನೆಗಳ ಚಿತ್ರ ತೆಗೆದು ನಕ್ಷೆ ಮಾಡ್ತಾರೆ, ಆಮೇಲೆ ಆಸ್ತಿ ಕಾರ್ಡು. ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಬರೋ ಮುಂಚೆ ಅವರವರ ಜಾಗದ ಗಡಿಗೆ ಸುಣ್ಣದ ಗೆರೆ ಹಾಕಬೇಕು, ಮೇಲಿಂದ ಕಾಣಲಿ ಅಂತ.

ಅರಸೀಕೆರೆ ಕಡೆ ಇರೋ ನಮ್ಮೂರಿಗೂ ಅದು ಬಂತು. ಅಪ್ಪ ಫೋನ್ ಮಾಡಿದರು. "ಮಗಾ, ನಾಳಿದ್ದು ಡ್ರೋನು ಬರ್ತೈತಂತೆ. ನಿನ್ ಚಿಕ್ಕಪ್ಪನ ಗೋಡೆ ನಮ್ ಹಿತ್ಲಿಗೆ ಬಂದೈತೆ ಅಂತ ಮೇಲಿಂದ ಗೊತ್ತಾಗ್ತದೆ ಅಲ್ವಾ?" ಹಿತ್ತಲಿನ ಮೂರಡಿ ಜಾಗಕ್ಕೆ ಅಪ್ಪ, ಚಿಕ್ಕಪ್ಪ ಮಾತು ಬಿಟ್ಟು ಒಂಬತ್ತು ವರ್ಷ ಆಗಿತ್ತು. ನಾನು ಹೇಳಿದೆ, "ಅಪ್ಪಾ, ಮೇಲಿಂದ ಗೋಡೆ ಕಾಣುತ್ತೆ. ಜಾಗ ಯಾರದು ಅಂತ ಕಾಣಲ್ಲ. ಅದನ್ನ ನೀವೇ ಹೇಳಬೇಕು." ಅಪ್ಪ ಬಿಡಲಿಲ್ಲ. "ಹಂಗಾದ್ರೆ ನಿನ್ ಹತ್ರ ಐತಲ್ಲ, ಅದನ್ನಾರ ತಗಂಬಾ" ಅಂದರು. ಅದೂ ಆಗಲ್ಲ ಅಂದೆ. 2022ರ ಫೆಬ್ರವರಿಯಿಂದ ಹೊರದೇಶದ ಡ್ರೋನ್ ಇಂಡಿಯಾಕ್ಕೆ ತರೋದು ನಿಷೇಧ. ನೀವೂ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಬೇಡಿ, ಕಸ್ಟಮ್ಸ್‌ನಲ್ಲಿ ಹಿಡ್ಕೋತಾರೆ.

ಮಾರನೇ ದಿನ ಅವ್ವ ಒಂದು ಪುಟ್ಟಿ ಸುಣ್ಣ ಹಿಡ್ಕೊಂಡು ತಾನೇ ಚಿಕ್ಕಪ್ಪನ ಮನೆ ಬಾಗಿಲಿಗೆ ಹೋದಳಂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಜಗಳವೇ ಆಯ್ತಂತೆ. ಕೊನೆಗೆ ನಮ್ಮಜ್ಜ ನೆಟ್ಟಿದ್ದ ಚರಂಡಿ ಕಲ್ಲು ಮಣ್ಣಿನಡಿ ಸಿಕ್ತು. ಅಪ್ಪ ಅಂದುಕೊಂಡ ಕಡೆಯೂ ಅಲ್ಲ, ಚಿಕ್ಕಪ್ಪ ಹೇಳ್ತಿದ್ದ ಕಡೆಯೂ ಅಲ್ಲ, ಎರಡರ ನಡುವೆ. ಚಿಕ್ಕಪ್ಪ ಸುಣ್ಣ ಸುರೀತಾ ಹೋದರು, ಅಪ್ಪ ಹಿಂದೆ ಹಗ್ಗ ಹಿಡಿದು ನಡೆದರು. ಡ್ರೋನ್ ಬಂದು ಊರ ಮೇಲೆ ಹಾರಿಹೋಯ್ತು. ಆ ಚಿತ್ರದಲ್ಲಿ ಗೆರೆ ಬೆಳ್ಳಗೆ ಬಂದಿರುತ್ತೆ. ಹಾಕಿದ ಅಣ್ಣತಮ್ಮಂದಿರು ಅದರಲ್ಲಿ ಇರಲ್ಲ, ಬೆಲ್‌ವ್ಯೂನ ಆ ಸ್ಟ್ರಾಬೆರಿ ಹೊಲಗಳ ಚಿತ್ರದಲ್ಲಿ ಬೊಡ್ಡೆ ಕಿತ್ತವರು ಇಲ್ಲದ ಹಾಗೆ.

ಪಿಕ್ನಿಕ್‌ನಲ್ಲಿ ಕೇಳಿದ ಮೂವರಿಗೆ ಈಗ ಉತ್ತರ. ನಾಮಕರಣದವರೇ, ಸಣ್ಣದೊಂದು ತಗೊಳ್ಳಿ, ಟ್ರಸ್ಟ್ ಪರೀಕ್ಷೆ ಮುಗಿಸಿ, ಜನರ ತಲೆ ಮೇಲೆ ಮಾತ್ರ ಬೇಡ. ರೇನಿಯರ್‌ನವರೇ, ಬೂಟು ಹಾಕ್ಕೊಂಡು ನಡೆದೇ ಹತ್ತಿ. ಗೆಳೆಯಾ, ನೀನು ಮೊದಲು ನಿನ್ನ ವೀಸಾ ಕಾಗದ ತೆಗೆದು ನೋಡು. ಅದು ಸರಿ ಇದ್ದರೆ ಪುಸ್ತಕ ಹಿಡಿ, ಡ್ರೋನ್ ಆಮೇಲೆ. ನನ್ನ ಹತ್ರ ಸಿಯಾಟಲ್‌ನ ವಿಮಾನ ನಕ್ಷೆ ದೊಡ್ಡದು ಪ್ರಿಂಟ್ ಹಾಕಿಸಿದ್ದು ಇದೆ. ಇನ್ನೂ ಯಾರಾದರೂ ಓದೋರಿದ್ದರೆ ಹೇಳಿ, ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಕೂತು ಓದೋಣ. ಕಾಫಿ ನನ್ನದು.